ಯಾರು ಸತ್ತರೆಂದು ಹೇಳದ ರಾತ್ರಿ: ‘ದಿ ವಾಕಿಂಗ್ ಡೆಡ್’ ಮತ್ತು ಅದರ ನೋಡುಗರ ಸಿಟ್ಟು

2016ರ ಏಪ್ರಿಲ್ 3ರ ರಾತ್ರಿ ಅಮೆರಿಕದ ಎಎಂಸಿ ವಾಹಿನಿಯಲ್ಲಿ ‘ದಿ ವಾಕಿಂಗ್ ಡೆಡ್’ ಧಾರಾವಾಹಿಯ ಆರನೆಯ ಸೀಸನ್ ಮುಗಿಯಿತು. ಕಾಡಿನ ನಡುವೆ ಒಂದು ಬಯಲು. ಗಾಡಿಗಳ ಹೆಡ್‌ಲೈಟ್ ಬೆಳಕಿನಲ್ಲಿ ಹನ್ನೊಂದು ಮಂದಿ ಮಂಡಿಯೂರಿ ಕುಳಿತಿದ್ದಾರೆ. ಅವರೆದುರು ಚರ್ಮದ ಜಾಕೆಟ್ ತೊಟ್ಟ, ಎದುರಾಳಿ ಗುಂಪಿನ ನಾಯಕ ನೇಗನ್ ಅಡ್ಡಾಡುತ್ತಿದ್ದಾನೆ. ಅವನ ಕೈಯಲ್ಲಿ ಮುಳ್ಳುತಂತಿ ಸುತ್ತಿದ ಬೇಸ್‌ಬಾಲ್ ಬ್ಯಾಟ್, ಅದಕ್ಕೆ ಅವನಿಟ್ಟ ಹೆಸರು ಲೂಸಿಲ್. ಆಟಕ್ಕೆ ಮುಂಚೆ ಮಕ್ಕಳು ಒಬ್ಬರನ್ನು ಆರಿಸಲು ಹೇಳುವ ಪ್ರಾಸವೊಂದನ್ನು ಹೇಳುತ್ತ, ಪದಕ್ಕೊಬ್ಬರಂತೆ ಬ್ಯಾಟನ್ನು ಮುಖದಿಂದ ಮುಖಕ್ಕೆ ತೋರಿಸುತ್ತಾನೆ. ಕೊನೆಯ ಪದಕ್ಕೆ ಬ್ಯಾಟ್ ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಕ್ಯಾಮೆರಾ ಬಲಿಯಾಗುವವರ ಕಣ್ಣಿನ ಜಾಗಕ್ಕೆ ಬಂದು ಕುಳಿತಿದೆ. ಏಟು ಬೀಳುತ್ತದೆ, ಪರದೆಯ ಮೇಲಿಂದ ನೆತ್ತರು ಇಳಿಯುತ್ತದೆ, ಕತ್ತಲಾಗುತ್ತದೆ. ಸತ್ತದ್ದು ಯಾರೆಂದು ತಿಳಿಯಲು ನೋಡುಗರು ಅಕ್ಟೋಬರ್ 23ರವರೆಗೆ, ಆರೂವರೆ ತಿಂಗಳಿಗೂ ಹೆಚ್ಚು, ಕಾಯಬೇಕಾಯಿತು.

ಆ ರಾತ್ರಿ ಎದ್ದ ಸಿಟ್ಟು ಕಥೆ ಮುಗಿಯುವವರೆಗೂ ಪೂರ್ತಿ ಆರಲಿಲ್ಲ.

ಹಾಗೆ ಸಿಟ್ಟಾದವರು ಸಾವನ್ನು ಕಂಡು ಬೆದರುವ ಜನರಾಗಿರಲಿಲ್ಲ. ಆರು ವರ್ಷಗಳಿಂದ ಪ್ರತಿ ಭಾನುವಾರ ರಾತ್ರಿ, ಮನುಷ್ಯರನ್ನು ಮನುಷ್ಯರೇ ಹರಿದು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡಿದವರು ಅವರು. ನೆಚ್ಚಿನ ಪಾತ್ರಗಳನ್ನು ಒಂದೊಂದಾಗಿ ಮಣ್ಣು ಮಾಡಿ, ಮುಂದಿನ ವಾರ ಮತ್ತೆ ಟಿವಿ ಮುಂದೆ ಕುಳಿತವರು. ಹಾಗಿದ್ದೂ ಅವರ ತಾಳ್ಮೆ ಕೆಟ್ಟದ್ದು ಯಾಕೆ? ಈ ಉಪನ್ಯಾಸ ಹುಡುಕುವುದು ಅದಕ್ಕೆ ಉತ್ತರವನ್ನು. ಅಭಿಮಾನಿಗಳ ಗೊಣಗಾಟ ಎಂದು ತಳ್ಳಿಹಾಕಿಬಿಡುವುದು ಸುಲಭ. ಅದರೊಳಗೆ ಕಥೆ ಕಟ್ಟುವ ಕಲೆಯ ಬಗ್ಗೆ ಗಟ್ಟಿಯಾದ ವಿಮರ್ಶೆಯೇ ಇದೆ, ಅದನ್ನು ವಿಮರ್ಶೆಯೆಂದೇ ಓದಬೇಕು.

ಮೊದಲು ಹಿನ್ನೆಲೆ. ಬರಹಗಾರ ರಾಬರ್ಟ್ ಕಿರ್ಕ್‌ಮನ್ ಮತ್ತು ಚಿತ್ರಕಾರ ಟೋನಿ ಮೂರ್ ಸೇರಿ 2003ರ ಅಕ್ಟೋಬರಿನಲ್ಲಿ ‘ದಿ ವಾಕಿಂಗ್ ಡೆಡ್’ ಎಂಬ ಕಪ್ಪು-ಬಿಳುಪು ಕಾಮಿಕ್ಸ್ ಶುರುಮಾಡಿದರು. ಏಳನೆಯ ಸಂಚಿಕೆಯಿಂದ ಚಾರ್ಲಿ ಆಡ್‌ಲಾರ್ಡ್ ಚಿತ್ರ ಬರೆದರು. ಗುಂಡೇಟು ತಿಂದು ಪ್ರಜ್ಞೆ ತಪ್ಪಿದ್ದ ರಿಕ್ ಗ್ರೈಮ್ಸ್ ಎಂಬ ಪೊಲೀಸ್ ಅಧಿಕಾರಿ ಆಸ್ಪತ್ರೆಯಲ್ಲಿ ಎಚ್ಚರಗೊಳ್ಳುವ ಹೊತ್ತಿಗೆ ಲೋಕ ಮುಳುಗಿಹೋಗಿದೆ, ಸತ್ತವರು ಎದ್ದು ನಡೆದಾಡುತ್ತಿದ್ದಾರೆ. ‘ದಿ ಶಾಶಾಂಕ್ ರಿಡೆಂಪ್ಷನ್’ ಸಿನಿಮಾದ ನಿರ್ದೇಶಕ ಫ್ರಾಂಕ್ ಡಾರಬಾಂಟ್ ಇದನ್ನು ಕಿರುತೆರೆಗೆ ತಂದರು. 2010ರ ಅಕ್ಟೋಬರ್ 31ಕ್ಕೆ ಶುರುವಾದ ಧಾರಾವಾಹಿ 2022ರ ನವೆಂಬರ್ 20ಕ್ಕೆ ಮುಗಿಯಿತು. ಒಟ್ಟು 11 ಸೀಸನ್, 177 ಕಂತು. 2014ರ ಅಕ್ಟೋಬರಿನಲ್ಲಿ ಐದನೆಯ ಸೀಸನ್ನಿನ ಮೊದಲ ಕಂತನ್ನು ಅಮೆರಿಕದಲ್ಲಿ 1 ಕೋಟಿ 73 ಲಕ್ಷ ಜನ ನೋಡಿದರು. ಕೇಬಲ್ ವಾಹಿನಿಯೊಂದರ ನಾಟಕಕ್ಕೆ ಅದು ಕಂಡುಕೇಳದ ಸಂಖ್ಯೆ.

ಇಷ್ಟು ಜನ ಒಪ್ಪಿದ ಸಾವು ಹೇಗಿರುತ್ತಿತ್ತು? ಎರಡನೆಯ ಸೀಸನ್ನಿನ ಸೋಫಿಯಾಳನ್ನು ನೋಡಬೇಕು. ಹೆದ್ದಾರಿಯಲ್ಲಿ ಸತ್ತವರ ಹಿಂಡು ಹಾದುಹೋಗುವಾಗ ಈ ಪುಟ್ಟ ಹುಡುಗಿ ಕಾಡಿನೊಳಗೆ ಓಡಿ ಕಳೆದುಹೋಗುತ್ತಾಳೆ. ಆಮೇಲೆ ಕಂತಿನ ಮೇಲೆ ಕಂತು ಹುಡುಕಾಟ. ಹರ್ಷಲ್ ಎಂಬ ಹಿರಿಯನ ತೋಟದ ಮನೆಯಲ್ಲಿ ಕಥೆ ಬೀಡುಬಿಟ್ಟಿತು, ಕದಲಲೇ ಇಲ್ಲ. ನೋಡುಗರು ಬೇಸತ್ತರು. ಅಷ್ಟರಲ್ಲಿ ಏಳನೆಯ ಕಂತು ಬಂತು. ಹರ್ಷಲ್ ತನ್ನ ಸತ್ತ ಬಂಧುಗಳನ್ನೂ ನೆರೆಯವರನ್ನೂ ಕಾಯಿಲೆಯವರೆಂದು ನಂಬಿ ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದಾನೆ. ಕೊಟ್ಟಿಗೆಯ ಬಾಗಿಲು ಒಡೆಯುತ್ತಾರೆ, ಒಬ್ಬೊಬ್ಬರಾಗಿ ಹೊರಬಂದವರನ್ನು ಗುಂಡಿಟ್ಟು ಕೆಡವುತ್ತಾರೆ. ಎಲ್ಲ ಮುಗಿಯಿತು ಎನ್ನುವಾಗ ಒಳಗಿನಿಂದ ಇನ್ನೊಂದು ಸದ್ದು. ಪುಟ್ಟ ಹೆಜ್ಜೆ ಇಡುತ್ತ ಸೋಫಿಯಾ ಹೊರಬರುತ್ತಾಳೆ. ಅಷ್ಟು ದಿನ ಹುಡುಕಿದ ಮಗು ಕೂಗಳತೆಯಲ್ಲೇ ಇತ್ತು. ರಿಕ್ ಮುಂದೆ ಬಂದು ಪಿಸ್ತೂಲು ಎತ್ತುತ್ತಾನೆ.

ನೋಡುಗರ ಬೇಸರವೆಲ್ಲ ಆ ಒಂದು ದೃಶ್ಯದಲ್ಲಿ ಕರಗಿತು. ಕಾಮಿಕ್ಸ್‌ನಲ್ಲಿ ಸೋಫಿಯಾ ಕೊನೆಯವರೆಗೂ ಬದುಕಿರುತ್ತಾಳೆ, ಬೆಳೆದು ದೊಡ್ಡವಳಾಗುತ್ತಾಳೆ. ಟಿವಿ ಆ ದಾರಿ ಬಿಟ್ಟಿತೆಂದು ದೊಡ್ಡ ಗದ್ದಲವೇನೂ ಆಗಲಿಲ್ಲ. ಆ ಸಾವಿಗೆ ಬೇಕಾದದ್ದೆಲ್ಲ ಕಥೆಯೊಳಗೇ ಇತ್ತು: ಹರ್ಷಲನ ನಂಬಿಕೆ, ಬೀಗ ಹಾಕಿದ ಕೊಟ್ಟಿಗೆ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಅನುಮಾನ.

ಮೂಲದಿಂದ ದೂರ ಸರಿದರೆ ಅಭಿಮಾನಿಗಳು ಸಿಡಿದೇಳುತ್ತಾರೆ ಎನ್ನುವವರು ಇನ್ನೆರಡು ಪಾತ್ರಗಳನ್ನು ನೆನೆಯಬೇಕು. ಎಲ್ಲರ ಕಣ್ಮಣಿಯಾದ ಡ್ಯಾರಿಲ್ ಕಾಮಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಕ್ಯಾರಲ್ ಅಲ್ಲಿ ಜೈಲಿನ ಭಾಗದಲ್ಲೇ ಸಾಯುತ್ತಾಳೆ. ಟಿವಿಯಲ್ಲಿ ಮೆಲಿಸ್ಸಾ ಮೆಕ್‌ಬ್ರೈಡ್ ಅವರ ಕೈಗೆ ಸಿಕ್ಕಿದ ಕ್ಯಾರಲ್, ಗಂಡನ ಹೊಡೆತಕ್ಕೆ ಮುದುಡಿದ್ದವಳು, ಗುಂಪಿನ ಅತ್ಯಂತ ಕಠಿಣ ತೀರ್ಮಾನಗಳನ್ನು ಹೊರುವವಳಾಗಿ ಬೆಳೆದು ಕೊನೆಯ ಕಂತಿನವರೆಗೂ ಉಳಿದಳು. ಈ ಬದಲಾವಣೆಯನ್ನು ಜನ ಎದೆಗವಚಿಕೊಂಡರು.

ತಕರಾರು ಹುಟ್ಟಿದ್ದು ಪಾತ್ರ ತನ್ನ ಸ್ವಭಾವ ಬಿಟ್ಟು ನಡೆದಾಗ. ಕಾಮಿಕ್ಸ್‌ನ ಆಂಡ್ರಿಯಾ ಗುರಿತಪ್ಪದ ಬಂದೂಕುಗಾರ್ತಿ, ರಿಕ್‌ನ ಸಂಗಾತಿ, 167ನೇ ಸಂಚಿಕೆಯವರೆಗೂ ಬದುಕುವವಳು. ಟಿವಿಯ ಮೂರನೆಯ ಸೀಸನ್ನಿನಲ್ಲಿ ಅದೇ ಆಂಡ್ರಿಯಾ ವುಡ್‌ಬರಿ ಎಂಬ ಊರನ್ನಾಳುವ ‘ಗವರ್ನರ್’ನ ಜೊತೆ ಸೇರುತ್ತಾಳೆ. ಅವನ ಕ್ರೌರ್ಯ ಕಣ್ಣೆದುರಿಗಿದ್ದರೂ ನಂಬುತ್ತಾಳೆ. ಒಂದು ರಾತ್ರಿ ಅವನು ನಿದ್ದೆಯಲ್ಲಿರುವಾಗ ಚಾಕು ಹಿಡಿದು ನಿಂತವಳು ಇರಿಯದೆ ಹಿಂದೆ ಸರಿಯುತ್ತಾಳೆ. 2013ರ ಮಾರ್ಚ್ 31ರ ಕೊನೆಯ ಕಂತಿನಲ್ಲಂತೂ ಅವಳನ್ನು ಕುರ್ಚಿಗೆ ಬಿಗಿದಿದ್ದಾರೆ. ಪಕ್ಕದಲ್ಲೇ ಗವರ್ನರ್‌ನ ಸಲಹೆಗಾರನಾಗಿದ್ದ ಮಿಲ್ಟನ್ ರಕ್ತ ಸುರಿಸುತ್ತ ಸಾಯುತ್ತಿದ್ದಾನೆ, ಸತ್ತ ಮರುಕ್ಷಣ ಅವನು ಎದ್ದು ಅವಳನ್ನೇ ಕಚ್ಚುತ್ತಾನೆ. ಕೈಗೆ ಎಟುಕದ ಇಕ್ಕಳವೊಂದು ನೆಲದ ಮೇಲಿದೆ. ಕಾಲ್ಬೆರಳಿನಲ್ಲಿ ಅದನ್ನು ಎಳೆದುಕೊಳ್ಳಬೇಕು. ಆಂಡ್ರಿಯಾ ಎಳೆಯುತ್ತಾಳೆ, ನಿಲ್ಲಿಸುತ್ತಾಳೆ, ಮಿಲ್ಟನ್ ಜೊತೆ ಮಾತಾಡುತ್ತಾಳೆ, ಮತ್ತೆ ಎಳೆಯುತ್ತಾಳೆ. ಕ್ಷಣಕ್ಷಣಕ್ಕೂ ಜೀವ ಹೋಗುವ ಹೊತ್ತಿನಲ್ಲಿ ಅವಳು ಕೈ ಬಿಟ್ಟು ಮಾತಿಗೆ ನಿಂತದ್ದನ್ನು ನೋಡುಗರು ಇವತ್ತಿಗೂ ಮರೆತಿಲ್ಲ. ಅವಳನ್ನು ಕೊಂದದ್ದು ಮಿಲ್ಟನ್ ಅಲ್ಲ, ಸ್ಕ್ರಿಪ್ಟ್ ಎಂದೇ ಅವರಿಗೆ ಕಂಡಿತು. ಆ ಅನಿಸಿಕೆ ನ್ಯಾಯವಾದದ್ದು.

ಅನೌಚಿತ್ಯದಷ್ಟು ರಸಕ್ಕೆ ಕೇಡು ತರುವುದು ಬೇರೆ ಯಾವುದೂ ಅಲ್ಲವೆಂದು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲೇ ಆನಂದವರ್ಧನ ಕಂಡುಕೊಂಡಿದ್ದ. ನಮ್ಮ ಕಾವ್ಯಮೀಮಾಂಸೆಯ ತರಗತಿಗಳಲ್ಲಿ ಈ ಮಾತನ್ನು ಹಳೆಯ ಕಾವ್ಯಗಳಿಗೆ ಮಾತ್ರ ಹಚ್ಚಿ ನೋಡುವ ರೂಢಿಯಿದೆ. ಜಾರ್ಜಿಯಾದ ಸೆನೋಯಾ ಎಂಬ ಪುಟ್ಟ ಊರಿನ ಸುತ್ತ ಚಿತ್ರೀಕರಣಗೊಂಡ ಜೋಂಬಿ ಕಥೆಗೂ ಅದು ಅಷ್ಟೇ ಸಲ್ಲುತ್ತದೆ. ಹೆಣಗಳು ಎದ್ದು ನಡೆಯುವುದನ್ನು ನೋಡುಗ ಮರುಮಾತಿಲ್ಲದೆ ಒಪ್ಪುತ್ತಾನೆ. ಇಕ್ಕಳ ಎತ್ತಿಕೊಳ್ಳಬೇಕಾದವಳು ಮಾತಿಗೆ ನಿಂತರೆ ಒಪ್ಪುವುದಿಲ್ಲ.

ಸಣ್ಣಪುಟ್ಟ ತರ್ಕದ ತಕರಾರುಗಳೂ ಈ ಜಾತಿಯವೇ. ಸತ್ತವರ ಕರುಳನ್ನು ಮೈಗೆ ಬಳಿದುಕೊಂಡರೆ ಅವರು ಮುಟ್ಟುವುದಿಲ್ಲವೆಂದು ಎರಡನೆಯ ಕಂತಿನಲ್ಲೇ ರಿಕ್ ಮತ್ತು ಅವನ ಸಂಗಡಿಗ ಗ್ಲೆನ್ ಕಂಡುಕೊಂಡಿದ್ದರು. ಆಮೇಲೆ ವರ್ಷಗಟ್ಟಲೆ ಆ ಉಪಾಯ ಯಾರಿಗೂ ನೆನಪಾಗುವುದೇ ಅಪರೂಪ. ಪೆಟ್ರೋಲು ಕೆಲವು ತಿಂಗಳಲ್ಲೇ ಕೆಡತೊಡಗುವ ವಸ್ತು, ಇಲ್ಲಿ ಮಾತ್ರ ವರ್ಷಗಳುರುಳಿದರೂ ಕಾರುಗಳು ಓಡುತ್ತಲೇ ಇದ್ದವು. ಇದಕ್ಕಿಂತ ಭಾರವಾದ ದೂರು ಕಪ್ಪು ಗಂಡಸರ ಪಾತ್ರಗಳದ್ದು. ಮೊದಲ ಸೀಸನ್ನಿನಿಂದ ಇದ್ದ ಟಿ-ಡಾಗ್‌ಗೆ ಎರಡನೆಯ ಸೀಸನ್ನಿನಲ್ಲಿ ಮಾತುಗಳೇ ಇರಲಿಲ್ಲವೆಂಬಷ್ಟು ಕಡಿಮೆ. ಮೂರನೆಯದರಲ್ಲಿ ಆಸ್ಕರ್ ಬಂದ ಬೆನ್ನಿಗೇ ಟಿ-ಡಾಗ್ ಸತ್ತ, ಟೈರೀಸ್ ಬಂದ ಕಂತಿನಲ್ಲೇ ಆಸ್ಕರ್ ಸತ್ತ. ಒಬ್ಬ ಬಂದರೆ ಒಬ್ಬ ಹೋಗಬೇಕೆಂಬ ಈ ಲೆಕ್ಕವನ್ನು ಮೊದಲು ಗುರುತಿಸಿ ಗಟ್ಟಿಯಾಗಿ ಹೇಳಿದವರು ನೋಡುಗರೇ. ಅದು ಬರಿಯ ತರ್ಕದ ಪ್ರಶ್ನೆಯಾಗಿರಲಿಲ್ಲ.

ಇಂಥ ಎಡವಟ್ಟುಗಳಿಗೆ ಬರವಣಿಗೆಯ ಕೋಣೆಯ ಹೊರಗೂ ಕಾರಣಗಳಿದ್ದವು. 2011ರ ಜುಲೈಯಲ್ಲಿ, ಎರಡನೆಯ ಸೀಸನ್ನಿನ ಕೆಲಸ ನಡೆಯುತ್ತಿರುವಾಗಲೇ, ಡಾರಬಾಂಟ್ ಅವರನ್ನು ಕೈಬಿಡಲಾಯಿತು. ಲಾಭದ ಪಾಲಿನ ಬಗ್ಗೆ ಅವರು ಹೂಡಿದ ದಾವೆ 2021ರಲ್ಲಿ 20 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಅವರ ನಂತರ ಗ್ಲೆನ್ ಮಜಾರಾ, ನಾಲ್ಕನೆಯ ಸೀಸನ್ನಿನಿಂದ ಸ್ಕಾಟ್ ಗಿಂಪಲ್, ಒಂಬತ್ತರಿಂದ ಆಂಜೆಲಾ ಕಾಂಗ್ ಹೀಗೆ ಚುಕ್ಕಾಣಿ ಕೈ ಬದಲಾಯಿಸಿತು. ಇದಕ್ಕಿಂತ ಮುಖ್ಯವಾದ ಕಾರಣ ವೇಳಾಪಟ್ಟಿ. ಮೂರನೆಯ ಸೀಸನ್ನಿನಿಂದ ಬಹುಕಾಲ ವರ್ಷಕ್ಕೆ 16 ಕಂತು, ಅಕ್ಟೋಬರಿನಿಂದ ಎಂಟು, ಫೆಬ್ರವರಿಯಿಂದ ಎಂಟು. ಅಂದರೆ ವರ್ಷಕ್ಕೆ ಎರಡು ಆರಂಭ, ಎರಡು ಅಂತ್ಯ. ನಾಲ್ಕಕ್ಕೂ ಸಿಡಿಲು ಬಡಿಯಬೇಕು. ನಡುವಿನ ಕಂತುಗಳನ್ನು ಎಳೆಯಬೇಕು. ಆಮೇಲಾಮೇಲೆ ಗುಂಪನ್ನು ಚೆದುರಿಸಿ, ಒಂದು ವಾರ ಒಬ್ಬರ ಕಥೆ ಹೇಳಿ, ಇನ್ನೊಬ್ಬರ ಗತಿಯೇನೆಂದು ತಿಳಿಯಲು ಮೂರು ವಾರ ಕಾಯಿಸುವ ಪದ್ಧತಿ ಬೇರೂರಿತು.

ಕಾಯಿಸುವುದೇ ತಪ್ಪಲ್ಲ. ಕನ್ನಡದ ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿ ಓದಿ ಬೆಳೆದವರಿಗೆ ‘ಮುಂದುವರಿಯುವುದು’ ಎಂಬ ಸಾಲಿನ ರುಚಿ ಗೊತ್ತು. ಅಲ್ಲಿ ಕಾಯುತ್ತಿದ್ದದ್ದು ಮುಂದೇನಾಗುತ್ತದೆ ಎಂದು. ಆಗಿಹೋದದ್ದನ್ನೇ ಓದುಗರಿಂದ ಮುಚ್ಚಿಟ್ಟು ಕಾಯಿಸುವುದು ಬೇರೆಯದೇ ಕೆಲಸ.

‘ವಾಕಿಂಗ್ ಡೆಡ್’ ಆ ಗೆರೆ ದಾಟಿದ್ದು 2015ರ ಅಕ್ಟೋಬರ್ 25ರಂದು. ಸ್ಟೀವನ್ ಯೂನ್ ಅಭಿನಯಿಸಿದ ಗ್ಲೆನ್, ಮೊದಲ ಸೀಸನ್ನಿನಿಂದಲೂ ಜೊತೆಗಿದ್ದ ಒಳ್ಳೆಯ ಮನಸ್ಸಿನ ಹುಡುಗ, ನಿಕೊಲಸ್ ಎಂಬ ಸಂಗಡಿಗನ ಜೊತೆ ಕಸದ ದೊಡ್ಡ ತೊಟ್ಟಿಯ ಮೇಲೆ ಸಿಕ್ಕಿಬಿದ್ದಿದ್ದಾನೆ. ಸುತ್ತಲೂ ನೂರಾರು ಸತ್ತವರು. ನಿಕೊಲಸ್ ತಲೆಗೆ ಗುಂಡಿಟ್ಟುಕೊಳ್ಳುತ್ತಾನೆ, ಇಬ್ಬರೂ ಹಿಂಡಿನೊಳಗೆ ಉರುಳುತ್ತಾರೆ. ಕ್ಯಾಮೆರಾ ಗ್ಲೆನ್‌ನ ಮುಖವನ್ನು ಹತ್ತಿರದಿಂದ ಹಿಡಿಯುತ್ತದೆ, ಅವನು ಚೀರುತ್ತಾನೆ, ಕರುಳು ಹರಿಯುವುದು ಕಾಣುತ್ತದೆ. ಮುಂದಿನ ಕಂತಿನ ಶೀರ್ಷಿಕೆ ಪಟ್ಟಿಯಿಂದ ಯೂನ್ ಅವರ ಹೆಸರನ್ನೂ ತೆಗೆದರು. ನಾಲ್ಕು ವಾರಗಳ ನಂತರ ನವೆಂಬರ್ 22ರಂದು ಗೊತ್ತಾದದ್ದು ಇಷ್ಟು: ಹರಿದದ್ದು ಅವನ ಮೇಲೆ ಬಿದ್ದಿದ್ದ ನಿಕೊಲಸ್‌ನ ಹೆಣ. ಗ್ಲೆನ್ ತೊಟ್ಟಿಯ ಅಡಿಗೆ ನುಸುಳಿಕೊಂಡು ಬದುಕಿದ್ದಾನೆ.

ಪ್ರೀತಿಯ ಹುಡುಗ ಬದುಕಿದನೆಂದು ನೋಡುಗರು ಕುಣಿಯಬೇಕಿತ್ತು. ಬಹಳ ಮಂದಿ ಕುಣಿಯಲಿಲ್ಲ. ಕ್ಯಾಮೆರಾ ತಮಗೆ ಸುಳ್ಳು ಹೇಳಿತು ಎಂಬುದು ಅವರ ನೋವು. ಹೆಸರು ಅಳಿಸಿದ್ದಂತೂ ಕಥೆಯ ಹೊರಗೆ ನಿಂತು ಮಾಡಿದ ವಂಚನೆ. ಅಲ್ಲಿಂದ ಮುಂದೆ ಈ ಧಾರಾವಾಹಿಯಲ್ಲಿ ಸಾವನ್ನು ತೋರಿಸಿದರೆ ನಂಬಬೇಕೋ ಬೇಡವೋ ಎಂಬ ಅನುಮಾನ ಉಳಿದುಬಿಟ್ಟಿತು. ಭಯದ ಕಥೆಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಅದರ ಬೆನ್ನಿಗೇ ನೇಗನ್‌ನ ಬ್ಯಾಟು. ಕಾಮಿಕ್ಸ್ ಓದಿದವರಿಗೆ 2012ರ ನೂರನೆಯ ಸಂಚಿಕೆಯಿಂದಲೇ ಗ್ಲೆನ್ ಸಾಯುತ್ತಾನೆಂದು ಗೊತ್ತಿತ್ತು. ಕೊನೆಗೆ ಏಳನೆಯ ಸೀಸನ್ನಿನ ಮೊದಲ ಕಂತನ್ನು ನೋಡಲು 1 ಕೋಟಿ 70 ಲಕ್ಷ ಜನ ಕುಳಿತರು. ಅಲ್ಲೂ ಕೂಡಲೇ ಉತ್ತರ ಸಿಗಲಿಲ್ಲ. ಕೊಲೆ ಆಗಿಹೋದ ಮೇಲಿನಿಂದ ಕಥೆ ಶುರುವಾಗಿ, ನೇಗನ್ ರಿಕ್‌ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಕೊಡಲಿ ತರಿಸುವ ದೀರ್ಘ ದೃಶ್ಯ ನಡೆದ ಮೇಲಷ್ಟೇ ನೆನಪಿನಲ್ಲಿ ಸತ್ಯ ಹೊರಬಂತು: ಮೊದಲು ಗುಂಪಿನ ಏಬ್ರಹಾಂ, ಆಮೇಲೆ ಡ್ಯಾರಿಲ್ ಎದುರು ಬಿದ್ದದ್ದಕ್ಕೆ ಶಿಕ್ಷೆಯೆಂದು ಗ್ಲೆನ್. ಬಸುರಿ ಹೆಂಡತಿ ಮ್ಯಾಗಿ ನೋಡುತ್ತಿರುವಾಗಲೇ ಅವನ ತಲೆ ಒಡೆದು ಕಣ್ಣುಗುಡ್ಡೆ ಹೊರಬಂದದ್ದನ್ನು ಕ್ಯಾಮೆರಾ ಬಿಡದೆ ತೋರಿಸಿತು. ಏಪ್ರಿಲಿನಲ್ಲಿ ಮೂಗಿಗೆ ತುಪ್ಪ ಸವರಿ ಕಳಿಸಿದವರು ಅಕ್ಟೋಬರಿನಲ್ಲಿ ಕೊಟ್ಟದ್ದು ಇದನ್ನು. ಮುಂದಿನ ವಾರದ ನೋಡುಗರು ಸುಮಾರು 1 ಕೋಟಿ 25 ಲಕ್ಷ. ಕೇಬಲ್ ಟಿವಿಯನ್ನೇ ಬಿಟ್ಟು ಜನ ಸ್ಟ್ರೀಮಿಂಗ್ ಕಡೆ ಹೊರಟಿದ್ದ ಕಾಲವದು, ಹಾಗಾಗಿ ಮುಂದಿನ ಎಲ್ಲ ಇಳಿಕೆಯನ್ನೂ ಸಿಟ್ಟಿನ ತಲೆಗೆ ಕಟ್ಟಲಾಗದು. ಒಂದೇ ವಾರದಲ್ಲಿ ಇಷ್ಟು ಮಂದಿ ಎದ್ದುಹೋದದ್ದಕ್ಕೆ ಮಾತ್ರ ಬೇರೆ ಕಾರಣ ಹುಡುಕುವುದು ಕಷ್ಟ.

ಎಂಟನೆಯ ಸೀಸನ್ನಿನಲ್ಲಿ ಕಾರ್ಲ್ ಸತ್ತ. ರಿಕ್‌ನ ಮಗ, ಮೊದಲ ಸೀಸನ್ನಿನಿಂದ ನೋಡುಗರ ಕಣ್ಣೆದುರೇ ಹುಡುಗನಿಂದ ಯುವಕನಾದವನು. ಸಿದ್ದಿಕ್ ಎಂಬ ಅಪರಿಚಿತನಿಗೆ ನೆರವಾಗಲು ಹೋಗಿ ಕಚ್ಚಿಸಿಕೊಂಡ. 2017ರ ಡಿಸೆಂಬರ್ 10ರಂದು ಹೊಟ್ಟೆಯ ಗಾಯ ತೋರಿಸಿದ, 2018ರ ಫೆಬ್ರವರಿ 25ರಂದು ತೀರಿಕೊಂಡ. ನೇಗನ್ ವಿರುದ್ಧದ ಯುದ್ಧ ನಿಲ್ಲಿಸಿ, ಅವನ ಜೊತೆಗೂ ಬಾಳುವ ದಾರಿ ಹುಡುಕಿ ಎಂದು ಪತ್ರ ಬರೆದಿಟ್ಟು ಹೋದ. ನೇಗನ್‌ನನ್ನು ರಿಕ್ ಕೊಲ್ಲದೆ ಬಿಡಲು ಒಂದು ಕಾರಣ ಬೇಕಿತ್ತು, ಅದಕ್ಕೆ ಈ ಸಾವು ಎಂದು ತಯಾರಕರ ಸಮರ್ಥನೆ. ನೋಡುಗರು ಅದಕ್ಕೆ ಕೊಟ್ಟ ಉತ್ತರವನ್ನು ಯಾವ ವಿಮರ್ಶಕನೂ ಮೆಚ್ಚಬೇಕು: ಕಾಮಿಕ್ಸ್‌ನಲ್ಲಿಯೂ ರಿಕ್ ನೇಗನ್‌ನನ್ನು ಕೊಲ್ಲದೆ ಸೆರೆಯಲ್ಲಿಡುತ್ತಾನೆ, ಅಲ್ಲಿ ಕಾರ್ಲ್ ಬದುಕಿಯೇ ಇದ್ದಾನೆ. ಅಂದಮೇಲೆ ಈ ಬೆಲೆ ಯಾಕೆ? ಕಥೆಯ ಆರಂಭದಿಂದ ರಿಕ್ ಬಡಿದಾಡಿದ್ದೆಲ್ಲ ಮಗನಿಗೊಂದು ನಾಳೆ ಇರಲೆಂದು. ಆ ನಾಳೆಯನ್ನೇ ಕತ್ತರಿಸಿದ ಮೇಲೆ ಹಿಂದಿನ ಏಳು ಸೀಸನ್ನುಗಳೂ ಅರ್ಥ ಕಳೆದುಕೊಂಡವು ಎಂದು ಅವರಿಗೆ ಅನಿಸಿತು. ಧಾರಾವಾಹಿ ಬಿಡುವ ತೀರ್ಮಾನ ತನ್ನದಲ್ಲವೆಂದು ಆಗ 18 ವರ್ಷದವನಾಗಿದ್ದ, ಕಾರ್ಲ್ ಪಾತ್ರದ ನಟ ಚಾಂಡ್ಲರ್ ರಿಗ್ಸ್ ಹೇಳಿದ್ದು ಉರಿಯುವ ಬೆಂಕಿಗೆ ತುಪ್ಪವಾಯಿತು. ಗಿಂಪಲ್ ಅವರನ್ನು ತೆಗೆಯಬೇಕೆಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. 2018ರ ಜನವರಿಯಲ್ಲಿ ಅವರು ಇಡೀ ‘ವಾಕಿಂಗ್ ಡೆಡ್’ ಸರಣಿಗಳ ಮೇಲ್ವಿಚಾರಣೆಗೆ ಬಡ್ತಿ ಪಡೆದರು, ಧಾರಾವಾಹಿಯ ಹೊಣೆ ಕಾಂಗ್ ಅವರಿಗೆ ಬಂತು.

ಕಾಂಗ್ ಬಂದ ಮೇಲೆ ಬರವಣಿಗೆ ಸುಧಾರಿಸಿತೆಂದು ಉಳಿದ ನೋಡುಗರು ಒಪ್ಪಿಕೊಂಡರು. 2019ರ ಮಾರ್ಚ್ 24ರ ಕಂತಿನಲ್ಲಿ ಆಲ್ಫಾ ಎಂಬ ಶತ್ರು ಗುಂಪಿನ ನಾಯಕಿ ಹತ್ತು ಜನರ ತಲೆ ಕಡಿದು ಗಡಿಯಲ್ಲಿ ಕಂಬಕ್ಕೆ ಸಿಕ್ಕಿಸುತ್ತಾಳೆ. ಬ್ಯಾಟಿನ ಕೊಲೆಗಿಂತ ಇದು ಕಡಿಮೆ ಕ್ರೂರವಲ್ಲ. ಆದರೆ ಸತ್ತವರಾರೆಂದು ಅದೇ ಕಂತಿನಲ್ಲಿ ತಿಳಿಯಿತು. ಬದುಕುಳಿದ ಸಿದ್ದಿಕ್ ಊರವರ ಮುಂದೆ ನಿಂತು, ಅವರು ಕೊನೆಯವರೆಗೂ ಒಬ್ಬರಿಗೊಬ್ಬರು ಹೆಗಲು ಕೊಟ್ಟು ಹೋರಾಡಿದರೆಂದು ಹೇಳಿದ. ಶೋಕಕ್ಕೆ ಜಾಗ ಸಿಕ್ಕಿತು, ಜನ ಅತ್ತರು, ಮುಂದಿನ ವಾರ ಬಂದರು.

ಅಭಿಮಾನಿಗಳ ಕಡೆಯೂ ತಪ್ಪಿತ್ತು, ಅದನ್ನು ಮುಚ್ಚಿಡಬಾರದು. ಯೂಜೀನ್ ಎಂಬ ಪಾತ್ರ ನೇಗನ್‌ನ ಪಾಳೆಯ ಸೇರಿದ್ದಕ್ಕೆ ಅದನ್ನು ಅಭಿನಯಿಸಿದ ಜಾಶ್ ಮೆಕ್‌ಡರ್ಮಿಟ್ ಅವರಿಗೇ ಕೊಲೆ ಬೆದರಿಕೆಗಳು ಬಂದವು, 2017ರಲ್ಲಿ ಅವರು ಸಾಮಾಜಿಕ ಜಾಲತಾಣಗಳಿಂದಲೇ ಹೊರನಡೆದರು. ಹೇಡಿತನವನ್ನು ಅಷ್ಟು ಚೆನ್ನಾಗಿ ತೋರಿಸಿದ ನಟನಿಗೆ ಸಿಗಬೇಕಾದದ್ದು ಚಪ್ಪಾಳೆ. ರಿಕ್‌ನ ಹೆಂಡತಿ ಲೋರಿಯ ಮೇಲೆ ಕಾರಿದ ದ್ವೇಷದಲ್ಲೂ ನ್ಯಾಯಕ್ಕಿಂತ, ಹೆಂಗಸು ತಪ್ಪು ಮಾಡಿದರೆ ಸಹಿಸದ ಹಳೆಯ ಚಾಳಿಯೇ ಹೆಚ್ಚಿತ್ತು.

ಇದೇ ಧಾರಾವಾಹಿ ಎಷ್ಟು ಚೆನ್ನಾಗಿ ಹೇಳಬಲ್ಲದೆಂದು ಗೊತ್ತಿದ್ದದ್ದರಿಂದಲೇ ಸಿಟ್ಟು ಇಷ್ಟು ಆಳಕ್ಕಿಳಿದಿತ್ತು. ಆಂಡ್ರಿಯಾ ಹಾಳಾದ ಅದೇ ಮೂರನೆಯ ಸೀಸನ್ನಿನ ಹನ್ನೆರಡನೆಯ ಕಂತನ್ನು ನೋಡಿ. ರಿಕ್, ಅವನ ಗುಂಪಿನ ಮಿಶೋನ್, ಕಾರ್ಲ್ ಕಾರಿನಲ್ಲಿ ಹೋಗುತ್ತಿರುವಾಗ ಬೆನ್ನಿಗೆ ಚೀಲ ಹೊತ್ತ ಒಬ್ಬಂಟಿ ದಾರಿಹೋಕ ಕೈಬೀಸಿ ಗೋಗರೆಯುತ್ತಾನೆ. ಕಾರು ನಿಲ್ಲುವುದಿಲ್ಲ. ಮರಳಿ ಬರುವಾಗ ರಸ್ತೆಯಲ್ಲಿ ಅವನ ನೆತ್ತರು ಬಿದ್ದಿದೆ, ಒಂದಿಷ್ಟು ದೂರದಲ್ಲಿ ಆ ಚೀಲ. ಕಾರು ಮುಂದೆ ಹೋಗುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಬಾಗಿಲು ತೆರೆದು ಒಂದು ಕೈ ಚೀಲ ಎತ್ತಿಕೊಳ್ಳುತ್ತದೆ. ಒಂದು ಮಾತಿಲ್ಲ. ರಿಕ್ ಎಂಥವನಾಗಿಬಿಟ್ಟ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ದೃಶ್ಯ 177 ಕಂತುಗಳಲ್ಲಿ ಇನ್ನೊಂದಿಲ್ಲ. ಹೆಸರಿಲ್ಲದ ಆ ಮನುಷ್ಯನ ಸಾವಿನ ಮೇಲೆ ಯಾವ ನೋಡುಗನೂ ದೂರು ಹೇಳಲಿಲ್ಲ.

ರಿಕ್ ನಿರ್ಗಮಿಸಿದ ರೀತಿ ಇದಕ್ಕೆ ತದ್ವಿರುದ್ಧ. 2018ರಲ್ಲಿ ಇವು ರಿಕ್‌ನ ಕೊನೆಯ ಕಂತುಗಳೆಂದು ಜಾಹೀರಾತು ಮಾಡಿದರು. ನವೆಂಬರ್ 4ರಂದು ಸೇತುವೆ ಸಿಡಿಸಿಕೊಂಡ ರಿಕ್ ಸಾಯಲಿಲ್ಲ, ಹೆಲಿಕಾಪ್ಟರೊಂದು ಅವನನ್ನು ಎತ್ತಿಕೊಂಡು ಹೋಯಿತು. ಅದೇ ರಾತ್ರಿ ಅವನ ಕಥೆ ಸಿನಿಮಾಗಳಾಗಿ ಮುಂದುವರಿಯುತ್ತದೆಂಬ ಘೋಷಣೆ. ವಿದಾಯ ಹೇಳಲು ಸಿದ್ಧರಾಗಿ ಕುಳಿತವರಿಗೆ ಆ ವಿದಾಯವೂ ದಕ್ಕಲಿಲ್ಲ. ಸಿನಿಮಾಗಳು ತೆರೆಗೆ ಬರಲೇ ಇಲ್ಲ. ಅವುಗಳ ಬದಲು 2024ರ ಫೆಬ್ರವರಿ 25ರಿಂದ ‘ದಿ ಒನ್ಸ್ ಹೂ ಲಿವ್’ ಎಂಬ ಆರು ಕಂತುಗಳ ಧಾರಾವಾಹಿ ಬಂತು.

ಕಿರ್ಕ್‌ಮನ್ ಮಾತ್ರ ತನ್ನ ಕಾಮಿಕ್ಸ್ ಮುಗಿಸಿದ ಬಗೆ ಬೇರೆ. 2019ರ ಜುಲೈಯಲ್ಲಿ 193ನೇ ಸಂಚಿಕೆ ಅಂಗಡಿಗೆ ಬಂದಾಗ ಅದೇ ಕೊನೆಯದೆಂದು ಓದುಗರಿಗೆ ಸುಳಿವಿರಲಿಲ್ಲ. ಮುಂದಿನ ಸಂಚಿಕೆಗಳಿಗೆ ಸುಳ್ಳು ಮುಖಪುಟಗಳನ್ನೂ ಮಾಡಿಸಿ ಪ್ರಕಟಿಸಿದ್ದರು. ಗುಟ್ಟು ಇಲ್ಲಿಯೂ ಇತ್ತು, ವಂಚನೆಯೆಂದೇ ಕರೆಯಬಹುದಾದ ಗುಟ್ಟು. ಆದರೂ ಟಿವಿಯ ತಯಾರಕರ ಮೇಲೆ ಎರಗಿದಂತೆ ಓದುಗರು ಅವರ ಮೇಲೆ ಎರಗಲಿಲ್ಲ. ರಿಕ್ ಹಿಂದಿನ ಸಂಚಿಕೆಯಲ್ಲೇ ಸತ್ತಿದ್ದ, ಅದನ್ನು ನೇರವಾಗಿ ತೋರಿಸಿದ್ದರು. ಕೊನೆಯ ಸಂಚಿಕೆ ವರ್ಷಗಳ ಮುಂದಕ್ಕೆ ಜಿಗಿದು, ಸೋಫಿಯಾಳನ್ನು ಮದುವೆಯಾದ ಕಾರ್ಲ್, ಅವರ ಮಗಳು, ನ್ಯಾಯಾಧೀಶೆಯಾಗಿರುವ ಮಿಶೋನ್, ಸತ್ತವರನ್ನು ಜಾತ್ರೆಯ ಪ್ರದರ್ಶನಕ್ಕಿಟ್ಟ ಹೊಸ ಪೀಳಿಗೆ ಇಷ್ಟನ್ನೂ ಬಿಡಿಸಿಟ್ಟಿತು. ಮುಚ್ಚಿಟ್ಟದ್ದು ಪುಸ್ತಕ ಮುಗಿಯುವ ದಿನವನ್ನು ಮಾತ್ರ, ಕಥೆಯೊಳಗೆ ಆಗಿಹೋದ ಯಾವುದನ್ನೂ ಅಲ್ಲ. ಟಿವಿಯಲ್ಲಿ ಸೋಫಿಯಾ, ಕಾರ್ಲ್ ಇಬ್ಬರೂ ಇರಲಿಲ್ಲವಾಗಿ ಆ ಮುಕ್ತಾಯದ ದಾರಿ ಎಂದೋ ಮುಚ್ಚಿಹೋಗಿತ್ತು.

‘ದಿ ಒನ್ಸ್ ಹೂ ಲಿವ್’ನ ನಾಲ್ಕನೆಯ ಕಂತನ್ನು ಮಿಶೋನ್ ಪಾತ್ರಧಾರಿ ಡನಾಯ್ ಗುರಿರಾ ತಾವೇ ಬರೆದರು. ಅದರಲ್ಲಿ ರಿಕ್, ಆ ಹೊತ್ತಿಗೆ ತನ್ನ ಹೆಂಡತಿಯಾಗಿರುವ ಮಿಶೋನ್ ಎದುರು ಒಪ್ಪಿಕೊಳ್ಳುವ ಸಂಗತಿ, ಮಗನ ಮುಖ ತನ್ನ ನೆನಪಿನಿಂದ ಮಾಸಿಹೋಯಿತು ಎಂಬುದು. ಅವಳು ಗೀರಿ ಬರೆಸಿ ತಂದ ಕಾರ್ಲ್‌ನ ಚಿತ್ರವನ್ನು ಅವನ ಕೈಗಿಡುತ್ತಾಳೆ. ಹಳೆಯ ನೋಡುಗರು ಆರು ವರ್ಷಗಳಿಂದ ಕೇಳುತ್ತಿದ್ದ ಪ್ರಶ್ನೆಗೆ ಧಾರಾವಾಹಿಯ ಒಳಗಿನವರೊಬ್ಬರು ಕೊಟ್ಟ ಪ್ರಾಮಾಣಿಕ ಉತ್ತರ ಅದೊಂದೇ. ಕಾರ್ಲ್‌ನನ್ನು ಅದು ಮರಳಿ ತರಲಿಲ್ಲ, ಆ ಸಾವು ಸರಿಯೆಂದೂ ವಾದಿಸಲಿಲ್ಲ, ಅಪ್ಪನೊಬ್ಬನಿಗೆ ಅದು ಏನು ಮಾಡಿತೆಂದು ತೋರಿಸಿತು. 2018ರಲ್ಲೇ ಕೇಳಬೇಕಿದ್ದ ಮಾತುಗಳು ಅವು.